ತಲೆನೋವಿನ ಲೆಕ್ಕ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ಬಂಧುಗಳಲ್ಲಿ ಅನೇಕರು ದಿನವೆಲ್ಲ ದುಡಿದು ದಣಿದವರು. ಅಂಬತ್ತೂರು, ಪಾಡಿ ಕಡೆಯ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿದವರು, ಅಂಗಡಿಗಳಲ್ಲಿ ಲೆಕ್ಕ ಬರೆಯುವವರು, ಹೋಟೆಲುಗಳಲ್ಲಿ ನಿಂತ ಕಾಲಲ್ಲೇ ಕೆಲಸ ಮಾಡುವವರು. "ಇವತ್ತು ಓದುವುದಕ್ಕಾಗದು, ತಲೆ ಸಿಡಿಯುತ್ತಿದೆ" ಎಂದು ಪತ್ರಿಕೆಯನ್ನು ಮಡಿಸಿಟ್ಟು ಎದ್ದು ಹೋಗುವವರು ವಾರಕ್ಕೆ ಇಬ್ಬರು ಮೂವರಾದರೂ ಇದ್ದಾರೆ. ಹೋಗುವ ದಾರಿಯಲ್ಲಿ ಔಷಧದ ಅಂಗಡಿಯ ಮುಂದೆ ನಿಂತು ಒಂದು ಮಾತ್ರೆ ನುಂಗುವುದು ವಾಡಿಕೆ. ಇದು ಯಾವ ಬಗೆಯ ತಲೆನೋವು, ನುಂಗಿದ್ದು ಯಾವ ಮಾತ್ರೆ, ಈ ತಿಂಗಳಲ್ಲಿ ಇದು ಎಷ್ಟನೆಯದು ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಆ ಮೂರು ಪ್ರಶ್ನೆಗಳಿಗಾಗಿಯೇ ಈ ಪಾಠ.

ಬರೆಯುವವನು ವೈದ್ಯನಲ್ಲ, ಗಿರಣಿಯ ಕಛೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಓದಿ ತಿಳಿದದ್ದನ್ನು, ವೈದ್ಯರನ್ನು ಕೇಳಿ ಖಚಿತಪಡಿಸಿಕೊಂಡದ್ದನ್ನು ಮಾತ್ರ ಇಲ್ಲಿ ಇಟ್ಟಿದ್ದೇನೆ. ಇದನ್ನೋದಿ ಯಾರೂ ತಮ್ಮ ರೋಗಕ್ಕೆ ತಾವೇ ಹೆಸರಿಡಬೇಕಾಗಿಲ್ಲ. ವೈದ್ಯರ ಮುಂದೆ ಕುಳಿತಾಗ ಏನು ಹೇಳಬೇಕೆಂಬುದು ತಿಳಿದಿದ್ದರೆ ಸಾಕು.

ಮೊದಲಿಗೆ ಒಂದು ಸಮಾಧಾನದ ಮಾತು. ತಲೆನೋವು ಬಂದೊಡನೆ ಮೆದುಳಿನಲ್ಲಿ ಗೆಡ್ಡೆಯೋ ಎಂದು ಹೆದರುವವರಿದ್ದಾರೆ. ವಾಸ್ತವವಾಗಿ ಮೆದುಳಿಗೆ ನೋವೆಂಬುದೇ ತಿಳಿಯದು. ಅದನ್ನು ಸುತ್ತಿರುವ ಪೊರೆ, ರಕ್ತನಾಳಗಳು, ತಲೆ ಮತ್ತು ಕುತ್ತಿಗೆಯ ಸ್ನಾಯುಗಳು, ಮುಖದ ನರಗಳು, ಇವು ನೋಯುತ್ತವೆ. ನಮಗೆ ಸಾಮಾನ್ಯವಾಗಿ ಬರುವ ತಲೆನೋವುಗಳಲ್ಲಿ ಬಹುಪಾಲಿನ ಹಿಂದೆ ಬೇರೆ ಯಾವ ರೋಗವೂ ಇರುವುದಿಲ್ಲ. ನೋವೇ ಅಲ್ಲಿ ರೋಗ. ಹಾಗೆಂದು ಅದು ಸಣ್ಣ ವಿಷಯವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಹೊರದೇಶದ ತಜ್ಞರೊಡನೆ ಸೇರಿ ಬೆಂಗಳೂರು ನಗರದಲ್ಲೂ ಸುತ್ತಣ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 2,329 ಮಂದಿ ವಯಸ್ಕರನ್ನು ವಿಚಾರಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವರ್ಷದೊಳಗೆ ಒಮ್ಮೆಯಾದರೂ ತಲೆನೋವು ಕಂಡವರು ನೂರಕ್ಕೆ 64 ಮಂದಿ. ಬಿಗಿತದ ತಲೆನೋವಿನವರು 35, ಅರೆತಲೆನೋವಿನವರು 25. ಅರೆತಲೆನೋವು ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಹಳ್ಳಿಯವರಿಗೆ ತಲೆನೋವಿಲ್ಲ, ಇದೆಲ್ಲ ಪಟ್ಟಣದ ಚಾಳಿ ಎನ್ನುವ ನಮ್ಮ ನಂಬಿಕೆ ಅಲ್ಲಿಗೆ ಮುಗಿಯಿತು. ನೂರಕ್ಕೆ ಮೂವರಿಗೆ ತಿಂಗಳಲ್ಲಿ ಹದಿನೈದು ದಿನ ಅಥವಾ ಅದಕ್ಕೂ ಹೆಚ್ಚು ತಲೆನೋವು. ಈ ಮೂವರ ವಿಷಯಕ್ಕೆ ಆಮೇಲೆ ಬರೋಣ, ಏಕೆಂದರೆ ಪಾಠದ ತಿರುಳು ಅಲ್ಲಿದೆ.

ಎಲ್ಲರಿಗೂ ಪರಿಚಿತವಾದದ್ದು ಬಿಗಿತದ ತಲೆನೋವು. ತಲೆಗೆ ಪಟ್ಟಿ ಕಟ್ಟಿ ಎಳೆದಂತೆ, ಭಾರ ಹೇರಿದಂತೆ ಎರಡೂ ಕಡೆ ಒತ್ತುತ್ತದೆ. ಬಡಿತವಿಲ್ಲ, ವಾಂತಿಯಿಲ್ಲ. ಅರ್ಧ ಗಂಟೆಯಿಂದ ಹಿಡಿದು ಕೆಲವೊಮ್ಮೆ ಏಳು ದಿನದವರೆಗೂ ಇರಬಹುದು. ಆದರೂ ಮನುಷ್ಯ ಹೇಗೋ ಕೆಲಸ ಮಾಡಿಕೊಂಡಿರುತ್ತಾನೆ. ಕುತ್ತಿಗೆ ಬಗ್ಗಿಸಿ ಖಾತೆಪುಸ್ತಕವನ್ನೋ ಕಂಪ್ಯೂಟರನ್ನೋ ನೋಡುತ್ತ ಕೂರುವುದು, ನಿದ್ದೆಗೆಡುವುದು, ಮನೆಯ ಚಿಂತೆ, ಇವೆಲ್ಲ ಅದಕ್ಕೆ ಕಾವು ಕೊಡುತ್ತವೆ. ಎದ್ದು ನಾಲ್ಕು ಹೆಜ್ಜೆ ನಡೆದು, ಕುತ್ತಿಗೆ ಭುಜಗಳನ್ನು ಸಡಿಲಿಸಿ, ನೀರು ಕುಡಿದರೆ ಎಷ್ಟೋ ಸಲ ಇಳಿಯುತ್ತದೆ. ಇಳಿಯದಿದ್ದರೆ ಒಂದು ಪ್ಯಾರಾಸಿಟಮಾಲ್ ಸಾಕು.

ಅರೆತಲೆನೋವು ಬೇರೆಯೇ ಜಾತಿ. ವೈದ್ಯರು ಮೈಗ್ರೇನ್ ಎನ್ನುವುದು ಇದನ್ನೇ. ನಮ್ಮವರಿಗೆ ಇದು ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಹೇಳಿರುವ ಹನ್ನೊಂದು ಶಿರೋರೋಗಗಳಲ್ಲಿ ಅರ್ಧಾವಭೇದಕ ಎಂಬುದೊಂದು. ತಲೆಯ ಅರ್ಧವನ್ನು ಸೀಳುವಂಥದ್ದು ಎಂದು ಅರ್ಥ. ಸೂರ್ಯ ಏರಿದಂತೆ ಏರಿ ಇಳಿದಂತೆ ಇಳಿಯುವ ಸೂರ್ಯಾವರ್ತವೂ ಅದೇ ಪಟ್ಟಿಯಲ್ಲಿದೆ. ಹೆಸರಿನಲ್ಲಿ ಅರೆ ಎಂದಿದ್ದರೂ ಇದು ಎರಡೂ ಕಡೆ ಬರಬಹುದು. ಆದ್ದರಿಂದ ಬರಿಯ ಜಾಗವನ್ನು ನೋಡಿ ತೀರ್ಮಾನಿಸಬಾರದು. ಗುರುತುಗಳು ಇವು: ನಾಡಿ ಬಡಿದಂತೆ ನೋವು ಬಡಿಯುವುದು, ಹೊಟ್ಟೆ ತೊಳಸುವುದು ಅಥವಾ ವಾಂತಿ, ಬೆಳಕೂ ಸದ್ದೂ ಸಹಿಸಲಾಗದಿರುವುದು, ಚಿಕಿತ್ಸೆಯಿಲ್ಲದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನ ಹಿಡಿಯುವುದು. ಇನ್ನೊಂದು ಸುಲಭದ ಪರೀಕ್ಷೆಯಿದೆ. ಅಣ್ಣಾ ನಗರ್ ಟವರ್ ಮೆಟ್ರೋ ನಿಲ್ದಾಣದ ಮೆಟ್ಟಿಲುಗಳನ್ನು ಹತ್ತುವಾಗ ತಲೆನೋವು ಇದ್ದಷ್ಟೇ ಇದ್ದರೆ ಬಿಗಿತದ್ದಿರಬಹುದು. ಪ್ರತಿ ಮೆಟ್ಟಿಲಿಗೂ ಒಂದೊಂದು ಸುತ್ತಿಗೆಯೇಟು ಬಿದ್ದಂತಾಗಿ, ಎಲ್ಲಾದರೂ ಕತ್ತಲಲ್ಲಿ ಮಲಗಿದರೆ ಸಾಕೆನಿಸಿದರೆ ಅರೆತಲೆನೋವಿರಬಹುದು.

ಕೆಲವರಿಗೆ ನೋವಿನ ಮುಂಚೆ ಕಣ್ಣ ಮುಂದೆ ಗರಗಸದ ಹಲ್ಲಿನಂಥ ಮಿನುಗು ಗೆರೆಗಳು ಕಾಣುತ್ತವೆ. ಮೆಲ್ಲಗೆ ಹರಡಿ, ಒಂದು ಗಂಟೆಯೊಳಗೆ ಹೋಗುತ್ತವೆ. ಕೈಯೋ ಬಾಯಿಯ ಸುತ್ತಲೋ ಜೋಮು ಹಿಡಿಯುವುದೂ ಉಂಟು. ಇದು ಅರೆತಲೆನೋವಿನ ಮುನ್ಸೂಚನೆಯೇ ಇರಬಹುದು, ಆದರೆ ಮೊದಲ ಸಲ ಕಂಡಾಗ ವೈದ್ಯರಿಗೆ ತೋರಿಸತಕ್ಕದ್ದು. ಹೀಗೆ ಗೆರೆ ಕಾಣುವ ಹೆಂಗಸರು ಗರ್ಭನಿರೋಧಕ ಗುಳಿಗೆಯನ್ನು ತೆಗೆದುಕೊಳ್ಳುವ ಮುನ್ನ ಈ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕು. ಕೆಲವು ಗುಳಿಗೆಗಳಿಂದ ಅಂಥವರಿಗೆ ಪಾರ್ಶ್ವವಾಯುವಿನ ಭಯ ಹೆಚ್ಚು.

ಅರೆತಲೆನೋವನ್ನು ಕೆಣಕುವ ಕಾರಣಗಳು ಆಳಿಗೊಂದು ಬಗೆ. ಹೊತ್ತು ಮೀರಿದ ಊಟ, ಏಕಾದಶಿಯ ಉಪವಾಸ, ಬಿಸಿಲಿನಲ್ಲಿ ಓಡಾಟ, ರಾತ್ರಿ ಪಾಳಿ, ಮುಟ್ಟಿನ ದಿನಗಳು, ಊದುಬತ್ತಿ ಅತ್ತರುಗಳ ಘಾಟು. ನಮ್ಮ ನಾಡಿಗೇ ವಿಶೇಷವೆನ್ನಬಹುದಾದ ಕಾರಣವೊಂದು ತಲೆಸ್ನಾನ. ಮುಂಬಯಿಯ ತಲೆನೋವಿನ ತಜ್ಞರಾದ ಡಾ. ಕೆ. ರವಿಶಂಕರ್ ಅವರು ತಲೆಗೆ ಎರೆದುಕೊಂಡ ಬಳಿಕ ಅರೆತಲೆನೋವು ಬರುವ 94 ಮಂದಿಯ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಉದ್ದ ಕೂದಲನ್ನು ಒದ್ದೆಯಾಗಿಯೇ ಗಂಟುಹಾಕಿಕೊಂಡು ಕೆಲಸಕ್ಕೆ ಓಡುವ ನಮ್ಮ ಸಹೋದರಿಯರು "ಶುಕ್ರವಾರ ಬಂದರೆ ತಲೆನೋವು" ಎಂದಾಗ ನಗುವ ಗಂಡಸರು ಇದನ್ನು ಗಮನಿಸಬೇಕು. ಹಾಗೆಂದು ಸ್ನಾನ ಬಿಡಬೇಕಾಗಿಲ್ಲ. ಕೂದಲನ್ನು ಬೇಗ ಒಣಗಿಸಿಕೊಳ್ಳುವುದು, ಕೆಲಸದ ದಿನ ಬಿಟ್ಟು ರಜೆಯ ದಿನ ಎರೆದುಕೊಳ್ಳುವುದು, ಇಷ್ಟರಿಂದಲೇ ಕೆಲವರಿಗೆ ಅನುಕೂಲವಾದೀತು.

ಮೂರನೆಯದು ಅಪರೂಪವಾದರೂ ಘೋರ. ಕ್ಲಸ್ಟರ್ ತಲೆನೋವು ಎಂದು ಹೆಸರು. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಒಂದೇ ಕಣ್ಣಿನ ಸುತ್ತ ಕಾದ ಸಲಾಕೆ ಚುಚ್ಚಿದಂತಾಗುತ್ತದೆ; ಅದೇ ಕಣ್ಣು ಕೆಂಪಾಗಿ ಸುರಿಯುತ್ತದೆ, ಅದೇ ಕಡೆಯ ಮೂಗು ಕಟ್ಟುತ್ತದೆ. ಅರೆತಲೆನೋವಿನವನು ಅಲುಗದೆ ಮಲಗುತ್ತಾನೆ, ಇವನು ಕೂರಲಾರದೆ ನಿಲ್ಲಲಾರದೆ ಶತಪಥ ಹಾಕುತ್ತಾನೆ. ಕಾಲು ಗಂಟೆಯಿಂದ ಮೂರು ಗಂಟೆ ಇದ್ದು ಹೋಗಿ, ಮರುದಿನ ಬಹುಶಃ ಅದೇ ಹೊತ್ತಿಗೆ ಮರಳಿ ಬರುತ್ತದೆ. ಹೀಗೆ ಕೆಲವು ವಾರ ಪೀಡಿಸಿ ತಿಂಗಳುಗಟ್ಟಲೆ ಮಾಯವಾಗುತ್ತದೆ. ಇದಕ್ಕೆ ಅಂಗಡಿಯ ಮಾತ್ರೆ ಪ್ರಯೋಜನವಿಲ್ಲ. ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಡುವುದು, ಸುಮಾಟ್ರಿಪ್ಟಾನ್ ಚುಚ್ಚುಮದ್ದು, ಇವೇ ಅದಕ್ಕೆ ಮದ್ದು. ಹಲ್ಲುನೋವೆಂದು ತಿಳಿದು ಒಳ್ಳೆಯ ಹಲ್ಲನ್ನು ಕೀಳಿಸಿಕೊಂಡವರೂ ಇದ್ದಾರೆ.

ಇನ್ನು ಸೈನಸ್. ಈ ಊರಿನಲ್ಲಿ ಯಾರನ್ನು ಕೇಳಿದರೂ ತನಗೆ ಸೈನಸ್ ಎನ್ನುತ್ತಾರೆ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಮಗೆ ಸೈನಸ್ ತಲೆನೋವೆಂದು ಹೇಳಿಕೊಂಡ 2,991 ಜನರನ್ನು ಪರೀಕ್ಷಿಸಿದಾಗ ನೂರಕ್ಕೆ 88 ಮಂದಿಯದು ಅರೆತಲೆನೋವಿನ ಲಕ್ಷಣವೇ ಆಗಿತ್ತು. ನಿಜವಾದ ಸೈನಸ್ ಸೋಂಕಿನಲ್ಲಿ ಮೂಗಿನಿಂದ ಹಳದಿ ಹಸಿರು ಸಿಂಬಳ, ಜ್ವರ, ವಾಸನೆ ತಿಳಿಯದಿರುವುದು ಮುಂತಾದವು ಕಾಣುತ್ತವೆ. ಅವಿಲ್ಲದೆ ವರ್ಷಗಟ್ಟಲೆ ಸೈನಸ್ ಎಂದು ಆವಿ ಹಿಡಿಯುತ್ತಿರುವವರು ಒಮ್ಮೆ ಅರೆತಲೆನೋವಿನ ದೃಷ್ಟಿಯಿಂದ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಕಣ್ಣಿನ ದೋಷದ ವಿಷಯದಲ್ಲಿ ಜನ ಇದರ ತದ್ವಿರುದ್ಧ. ನಾಲ್ವತ್ತು ದಾಟಿದ ಗುಮಾಸ್ತ ಕಾಗದವನ್ನು ದೂರ ದೂರ ಹಿಡಿಯುತ್ತಾನೆಯೇ ಹೊರತು ಕನ್ನಡಕ ಹಾಕುವುದಿಲ್ಲ. ಓದಿದ ಮೇಲೆ ಹಣೆ ನೋಯುತ್ತಿದ್ದರೆ ಮೊದಲು ಕಣ್ಣು ತೋರಿಸಿ. 1819ರಲ್ಲಿ ಆರಂಭವಾದ ಎಗ್ಮೋರಿನ ಸರಕಾರಿ ಕಣ್ಣಾಸ್ಪತ್ರೆ ನಮ್ಮ ಊರಿನಲ್ಲೇ ಇದೆ.

ರಕ್ತದೊತ್ತಡದ ಬಗ್ಗೆ ಒಂದು ಅಪಾಯಕರ ತಪ್ಪು ತಿಳಿವಳಿಕೆಯುಂಟು. "ನನಗೆ ತಲೆನೋವೇ ಬರುವುದಿಲ್ಲ, ಹಾಗಾಗಿ ಬಿ.ಪಿ. ಇಲ್ಲ" ಎನ್ನುತ್ತಾರೆ. ಸಾಧಾರಣವಾಗಿ ಏರಿದ ರಕ್ತದೊತ್ತಡ ಯಾವ ನೋವನ್ನೂ ಕೊಡದೆ ಒಳಗೊಳಗೇ ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. 180/120ರಷ್ಟು ಮೇಲೇರಿದಾಗ ತಲೆನೋವು ಬರಬಹುದು; ಅಷ್ಟರವರೆಗೆ ಕಾಯುವುದು ಬೇಡ. ತಲೆನೋವಿರಲಿ ಬಿಡಲಿ, ವರ್ಷಕ್ಕೊಮ್ಮೆಯಾದರೂ ಅಳತೆ ಮಾಡಿಸಿಕೊಳ್ಳತಕ್ಕದ್ದು.

ಚೆನ್ನೈಗೆ ಬಂದವರು ತಿಳಿಯಬೇಕಾದ ಇನ್ನೆರಡು ಮೂರು ಸಂಗತಿಗಳಿವೆ. ಮೇ ತಿಂಗಳಿನಲ್ಲಿ ಇಲ್ಲಿನವರು ಕತ್ತಿರಿ ಎನ್ನುವ ಬಿಸಿಲಲ್ಲಿ ಬೆವರು ಸುರಿಸಿ ದುಡಿದವನಿಗೆ ಬರುವ ತಲೆನೋವಿಗೆ ಮದ್ದು ನೀರು, ಉಪ್ಪು ಹಾಕಿದ ಮಜ್ಜಿಗೆ, ನೆರಳು. ಆದರೆ ಆತ ತಪ್ಪು ತಪ್ಪಾಗಿ ಮಾತಾಡತೊಡಗಿ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಿನ ಹೊಡೆತ. ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎರಡನೆಯದು ಮಳೆಗಾಲದ ಬಳಿಕ ಬರುವ ಜ್ವರದ ತಲೆನೋವು. ಕಣ್ಣಿನ ಹಿಂಭಾಗ ನೋಯುತ್ತ ಜ್ವರವಿದ್ದರೆ ಡೆಂಗ್ಯೂ ಇರಬಹುದು. ಆಗ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಲೇಬಾರದು, ರಕ್ತಸ್ರಾವದ ಭಯವಿದೆ. ಮೂರನೆಯದನ್ನು ಕೋಣೆ ಹಂಚಿಕೊಂಡು ಮಲಗುವ ಕೆಲಸಗಾರ ಬಂಧುಗಳು ಮನಸ್ಸಿಟ್ಟು ಓದಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಉರಿಸಿದರೆ, ಅಥವಾ ಕರೆಂಟು ಹೋದಾಗ ಜನರೇಟರನ್ನು ಒಳಗೋ ಕಿಟಕಿಯ ಪಕ್ಕದಲ್ಲೋ ಓಡಿಸಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ತುಂಬುತ್ತದೆ. ಕೋಣೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ತಲೆನೋವು, ಹೊಟ್ಟೆ ತೊಳಸು ಬಂದು, ಹೊರಗೆ ಬಂದರೆ ಕಡಿಮೆಯಾಯಿತೆಂದರೆ ಅದೇ ಗುರುತು. ಮಾತ್ರೆ ನುಂಗಿ ಮತ್ತೆ ಒಳಗೆ ಮಲಗಿದವನು ಏಳದೆಹೋಗಬಹುದು.

ಕಾಫಿಯ ಮಾತನ್ನು ಬಿಡುವಂತಿಲ್ಲ. ದಿನಕ್ಕೆ ಮೂರು ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವವನಿಗೆ ಒಂದು ದಿನ ತಪ್ಪಿದರೆ ತಲೆನೋವು ಹಿಡಿಯುತ್ತದೆ; ಕುಡಿದ ಒಂದು ಗಂಟೆಯೊಳಗೆ ಬಿಡುತ್ತದೆ. ಭಾನುವಾರ ಎಂಟು ಗಂಟೆಯವರೆಗೆ ಮಲಗಿ ಎದ್ದವರ ತಲೆನೋವಿನಲ್ಲಿ ನಿದ್ದೆ ಹೆಚ್ಚಾದದ್ದೂ ಕಾಫಿ ತಡವಾದದ್ದೂ ಎರಡೂ ಸೇರಿರುತ್ತವೆ. ಬಿಡಬೇಕೆನ್ನುವವರು ವಾರಕ್ಕೊಂದು ಲೋಟದಂತೆ ಇಳಿಸಲಿ.

ಚಿಕಿತ್ಸೆಯ ವಿಷಯ. ಮೊದಲು ಮುಲಾಮು. ಕಾಶೀನಾಥುನಿ ನಾಗೇಶ್ವರರಾವ್ ಪಂತುಲು ಅವರು 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿ, ಬಳಿಕ ಮದರಾಸಿಗೆ ತಂದ ಅಮೃತಾಂಜನ ಇಲ್ಲಿನ ಮನೆಮನೆಯ ವಸ್ತು. ಇಂಥ ಮುಲಾಮುಗಳಲ್ಲಿ ಪುದೀನ ಸತ್ವ, ಕರ್ಪೂರ, ನೀಲಗಿರಿ ತೈಲ ಮುಂತಾದವು ಇರುತ್ತವೆ. ಹಣೆಗೆ ತಂಪಾಗಿ, ತಿಕ್ಕಿದ ಕೈಯಿಂದ ಹಿತವಾಗಿ, ಬಿಗಿತದ ನೋವು ಕೊಂಚ ಇಳಿಯುವುದು ನಿಜ. ಆದರೆ ನೀಲಗಿರಿ ತೈಲ, ಕರ್ಪೂರಗಳಿಂದ ಕೆಲವರಿಗೆ ಮೂರ್ಛೆರೋಗ ಕೆರಳುವುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರು ಗುರುತಿಸಿ ಬರೆದಿದ್ದಾರೆ. ಎಳೆಮಕ್ಕಳ ಮೂಗಿಗೆ ಹಚ್ಚಬಾರದು, ಮೂರ್ಛೆಯುಳ್ಳವರು ದೂರವಿರಿಸಬೇಕು. ಹಣೆಗೆ ತಣ್ಣೀರಿನ ಬಟ್ಟೆ, ಕತ್ತಲ ಕೋಣೆ, ಒಂದು ಗಂಟೆಯ ನಿದ್ದೆ, ಇವುಗಳಿಗೆ ಕಾಸೂ ಇಲ್ಲ, ಅಪಾಯವೂ ಇಲ್ಲ.

ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಎಲ್ಲಕ್ಕಿಂತ ಸೌಮ್ಯ. ವಯಸ್ಕರಿಗೆ ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ, ಎರಡು ಸಲದ ನಡುವೆ ನಾಲ್ಕರಿಂದ ಆರು ಗಂಟೆಯ ಅಂತರ, ಇಡೀ ದಿನಕ್ಕೆ ಎಷ್ಟೇ ಆದರೂ 4000 ಮಿಲಿಗ್ರಾಂ ಮೀರಬಾರದು. ಮದ್ಯಪಾನಿಗಳಿಗೂ ಯಕೃತ್ತಿನ ರೋಗಿಗಳಿಗೂ ಅಷ್ಟೂ ಸಲ್ಲದು. ನೆಗಡಿಯ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಎರಡನ್ನೂ ನುಂಗಿದರೆ ಒಂದೇ ಬಾಬ್ತು ಎರಡು ಸಲ ಖರ್ಚಿಗೆ ಬಿದ್ದಂತೆ. 1899ರಲ್ಲಿ ಮಾರುಕಟ್ಟೆಗೆ ಬಂದ ಆಸ್ಪಿರಿನ್, ಆಮೇಲಿನ ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಇವು ಹೆಚ್ಚು ಬಲವುಳ್ಳವು, ಆದರೆ ಖಾಲಿ ಹೊಟ್ಟೆಗೆ ಸಲ್ಲವು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಉಬ್ಬಸ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹದಿನಾರರೊಳಗಿನ ಮಕ್ಕಳಿಗೆ ಆಸ್ಪಿರಿನ್ ಬೇಡ.

ಅರೆತಲೆನೋವಿಗೆ ಮಾತ್ರೆ ತೆಗೆದುಕೊಳ್ಳುವುದಾದರೆ ನೋವು ಏರುವ ಮೊದಲೇ, ಪೂರ್ಣ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ನೋವು ತಲೆಗೇರಿದ ಮೇಲೆ ಹೊಟ್ಟೆ ಕೆಲಸ ನಿಲ್ಲಿಸುತ್ತದೆ. ನುಂಗಿದ್ದು ರಕ್ತಕ್ಕೆ ಸೇರುವುದಿಲ್ಲ. ಅದಕ್ಕೇ ವೈದ್ಯರು ವಾಂತಿ ನಿಲ್ಲಿಸುವ ಮಾತ್ರೆಯನ್ನೂ ಜೊತೆಗೆ ಬರೆಯುತ್ತಾರೆ. ಇದರಿಂದಲೂ ಆಗದವರಿಗೆ ಸುಮಾಟ್ರಿಪ್ಟಾನ್ ಜಾತಿಯ ಔಷಧಗಳಿವೆ. ಹೃದ್ರೋಗಿಗಳಿಗೆ ಅವು ನಿಷಿದ್ಧ. ತಿಂಗಳಿಗೆ ನಾಲ್ಕು ಅಥವಾ ಹೆಚ್ಚು ದಿನ ಅರೆತಲೆನೋವಿನಿಂದ ಕೆಲಸ ಕೆಡುತ್ತಿದ್ದರೆ, ಬರುವುದನ್ನೇ ತಡೆಯುವ ಔಷಧವನ್ನು ಕೇಳಿ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ಟೋಪಿರಮೇಟ್ ಹೀಗೆ ಹಲವಿವೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ತೂಗಿ ನೋಡಬೇಕು. ಉದಾಹರಣೆಗೆ, ಪ್ರೊಪ್ರನೊಲಾಲ್ ಉಬ್ಬಸದವರಿಗೆ ಆಗದು. ಇವನ್ನು ನೋವಿಲ್ಲದ ದಿನವೂ ತೆಗೆದುಕೊಳ್ಳಬೇಕು, ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಹತ್ತು ದಿನ ತಿಂದು "ಏನೂ ಆಗಲಿಲ್ಲ" ಎಂದು ಬಿಡುವವರೇ ಹೆಚ್ಚು.

ಈಗ ಆ ಮೂವರ ವಿಷಯ. ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ತಲೆ ನೋಯುವ ಮೂವರಲ್ಲಿ ಒಬ್ಬರಿಗಂತೂ, ನೋವಿಗೆಂದು ನುಂಗಿದ ಮಾತ್ರೆಯೇ ನೋವಿಗೆ ಕಾರಣವಾಗಿರುವ ಸಂಭವವನ್ನು ಕರ್ನಾಟಕದ ಆ ಸಮೀಕ್ಷೆಯೇ ತೋರಿಸಿತು. ಹಳ್ಳಿಗಳಲ್ಲಿ ಅಂಥವರು ಪೇಟೆಗಿಂತ ಹೆಚ್ಚು. ವೈದ್ಯರ ಬಳಿ ಹೋಗಲು ಬಸ್ಸು ಹಿಡಿಯಬೇಕು, ಮಾತ್ರೆ ಬೀದಿಯ ಕೊನೆಯ ಅಂಗಡಿಯಲ್ಲಿ ಸಿಗುತ್ತದೆ. ಬೇರೂರಿಗೆ ಬಂದು ದಿನಗೂಲಿ ತಪ್ಪಿಸಿಕೊಳ್ಳಲಾಗದ ನಮ್ಮ ಪರಿಸ್ಥಿತಿಯೂ ಅದೇ ಅಲ್ಲವೆ?

ನಮ್ಮಲ್ಲಿಗೆ ಬರುವ ಹಿರಿಯರೊಬ್ಬರು ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು. ಬೆಳಿಗ್ಗೆ ಕಾಫಿಯೊಡನೆ ಒಂದು ತಲೆನೋವಿನ ಮಾತ್ರೆ, ಜನಜಂಗುಳಿಯ ಹೊತ್ತಿಗೆ ಇನ್ನೊಂದು, ಹೀಗೆ ವರ್ಷಗಳಿಂದ ನಡೆದಿತ್ತು. ಮಾತ್ರೆಯಿಂದಲೇ ತಲೆನೋವು ಬರಬಹುದೆಂದು ನಾನು ಹೇಳಿದಾಗ ಅವರು ನಕ್ಕರು. "ಏನಪ್ಪಾ, ಊಟ ಮಾಡಿದ್ದರಿಂದ ಹಸಿವಾಯಿತು ಎಂದ ಹಾಗಾಯಿತಲ್ಲ ನಿನ್ನ ಮಾತು!" ಎಂದರು. ಒಂದು ತಿಂಗಳು ಬರೆದಿಟ್ಟು ನೋಡಿ ಸ್ವಾಮಿ ಎಂದು ಒಂದು ಹಾಳೆ ಗೆರೆಹಾಕಿ ಕೊಟ್ಟೆ. ಲೆಕ್ಕದವರಾದ್ದರಿಂದ ತಪ್ಪದೆ ಬರೆದರು. ತಿಂಗಳ ಕೊನೆಗೆ ಕೂಡಿದಾಗ ಮಾತ್ರೆ ತಿಂದ ದಿನ 22, ತಲೆ ನೋಯದ ದಿನ 5. ಆ ಹಾಳೆಯನ್ನೇ ಮಡಿಸಿಕೊಂಡು ವೈದ್ಯರಲ್ಲಿಗೆ ಹೋದರು.

ನಿಯಮ ಸರಳವಾಗಿದೆ. ಪ್ಯಾರಾಸಿಟಮಾಲ್, ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ಒಂಟಿ ಔಷಧಗಳನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧ ಬೆರೆಸಿದ ಮಾತ್ರೆಗಳನ್ನೂ ಸುಮಾಟ್ರಿಪ್ಟಾನ್ ಜಾತಿಯವನ್ನೂ 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಮಾತ್ರೆಯ ತಲೆನೋವು ಅಂಟಿಕೊಳ್ಳಬಹುದು. ಲೆಕ್ಕ ಮಾತ್ರೆಗಳದ್ದಲ್ಲ, ದಿನಗಳದ್ದು ಎಂಬುದನ್ನು ಗಮನಿಸಿ. ಹೆಸರಾಂತ ತಲೆನೋವಿನ ಮಾತ್ರೆಗಳಲ್ಲಿ ಹಲವು ಕೆಫೀನ್ ಸೇರಿದ ಬೆರಕೆ ಮಾತ್ರೆಗಳೇ. ಹಾಳೆಯ ಹಿಂಭಾಗದ ಸಣ್ಣ ಅಕ್ಷರವನ್ನು ಓದಿದರೆ ಗೊತ್ತಾಗುತ್ತದೆ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಮಾತ್ರೆ ಮುಟ್ಟದಿರುವುದು ಲೆಕ್ಕ ಇಡಲು ಸುಲಭವಾದ ಕಟ್ಟು.

ಇದರ ಚಿಕಿತ್ಸೆಯೆಂದರೆ ಆ ಮಾತ್ರೆಯನ್ನು ನಿಲ್ಲಿಸುವುದು. ನಿಲ್ಲಿಸಿದ ಮೊದಲ ಎರಡರಿಂದ ಹತ್ತು ದಿನ ತಲೆನೋವು ಇನ್ನೂ ಜೋರಾಗುತ್ತದೆ. ಬಹಳ ಜನ ಸೋಲುವುದು ಅಲ್ಲೇ. ಮುಂಚೆಯೇ ತಿಳಿದಿದ್ದು, ರಜೆ ನೋಡಿಕೊಂಡು, ವೈದ್ಯರು ತಡೆಯುವ ಔಷಧವನ್ನು ಜೊತೆಗೆ ಕೊಟ್ಟರೆ ದಾಟಬಹುದು. ಎರಡು ತಿಂಗಳೊಳಗೆ ಹೆಚ್ಚಿನವರಿಗೆ ಗಣನೀಯವಾಗಿ ಇಳಿಯುತ್ತದೆ. ಟ್ರಮಡಾಲ್‌ನಂಥ ಮತ್ತಿನ ನೋವುಗುಳಿಗೆಯೋ ನಿದ್ದೆಗುಳಿಗೆಯೋ ಅಭ್ಯಾಸವಾಗಿರುವವರು ಮಾತ್ರ ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು. ನಮ್ಮ ಹಿರಿಯರು ಮೊದಲ ವಾರ ಗಲ್ಲಾಕ್ಕೆ ಬೇರೊಬ್ಬರನ್ನು ಕೂರಿಸಿ ಮನೆಯಲ್ಲಿದ್ದರು. ಮೂರನೆಯ ತಿಂಗಳಿನ ಹಾಳೆಯಲ್ಲಿ ಮಾತ್ರೆಯ ದಿನ 4.

ಇ.ಎಸ್.ಐ. ಚೀಟಿಯುಳ್ಳವರು ರಜೆಯ ಭಯದಿಂದ ಹಿಂಜರಿಯಬಾರದು. ಚಂದಾ ಸರಿಯಾಗಿ ಸಂದಿದ್ದು, ವೈದ್ಯರ ಸರ್ಟಿಫಿಕೇಟು ಇದ್ದರೆ ಕಾಯಿಲೆಯ ರಜೆಗೆ ಕೂಲಿಯ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನಗಳವರೆಗೆ ಹಣ ಸಿಗುತ್ತದೆ. ಅಯನಾವರಂನ ಇ.ಎಸ್.ಐ. ಆಸ್ಪತ್ರೆ ನಮಗೆ ಹತ್ತಿರ. ಚೀಟಿ ಇಲ್ಲದವರಿಗೆ ಕೀಳ್ಪಾಕದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ನರರೋಗದ ವಿಶೇಷ ವಿಭಾಗಕ್ಕೆ ಸೆಂಟ್ರಲ್ ನಿಲ್ದಾಣದ ಎದುರಿನ ದೊಡ್ಡಾಸ್ಪತ್ರೆ. ಸ್ಕ್ಯಾನು ಎಲ್ಲರಿಗೂ ಬೇಕಿಲ್ಲ. ಮಾತು ಕೇಳಿ, ಕೈಕಾಲು ಕಣ್ಣು ಪರೀಕ್ಷಿಸಿದ ವೈದ್ಯರು ಬೇಡವೆಂದರೆ, ಸಾಲ ಮಾಡಿ ಮಾಡಿಸಬೇಡಿ.

ಕಾಯದೆ ಆಗಲೇ ಆಸ್ಪತ್ರೆಗೆ ಓಡಬೇಕಾದ ತಲೆನೋವುಗಳಿವೆ. 108ಕ್ಕೆ ಕರೆ ಮಾಡಿರಿ. ಒಂದು ನಿಮಿಷದೊಳಗೆ ಸಿಡಿಲಿನಂತೆ ಏರಿ, ಹಿಂದೆಂದೂ ಕಾಣದಷ್ಟು ಭೀಕರವಾದದ್ದು ಮೆದುಳಿನ ರಕ್ತಸ್ರಾವವಿರಬಹುದು. ಜ್ವರದೊಡನೆ ಕುತ್ತಿಗೆ ಸೆಟೆದು ಗದ್ದ ಎದೆಗೆ ಮುಟ್ಟದಿದ್ದರೆ ಮೆದುಳುಪೊರೆಯ ಸೋಂಕು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಮೂರ್ಛೆ, ದೃಷ್ಟಿ ಮಂಕಾಗುವುದು ಜೊತೆಗಿದ್ದರೂ ಹಾಗೆಯೇ. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು ಬಂದರೆ "ಮಲಗಿದರೆ ಸರಿಹೋದೀತು" ಎನ್ನಬೇಡಿ. ಇನ್ನು ಕೆಲವಕ್ಕೆ ಅದೇ ಗಳಿಗೆ ಅಲ್ಲದಿದ್ದರೂ ಅದೇ ವಾರ ವೈದ್ಯರು ಬೇಕು: ದಿನದಿಂದ ದಿನಕ್ಕೆ ಏರುತ್ತ, ಬೆಳಗಿನ ಜಾವ ವಾಂತಿಯೊಡನೆ ಎಬ್ಬಿಸುವ ನೋವು, ಕೆಮ್ಮಿದರೆ ಮುಕ್ಕಿದರೆ ಹೆಚ್ಚುವ ನೋವು. ಗರ್ಭಿಣಿಯರಿಗೂ ಬಾಣಂತಿಯರಿಗೂ ಹೊಸದಾಗಿ ಬಂದ ಜೋರು ತಲೆನೋವಿಗೆ ಅದೇ ದಿನ ತೋರಿಸಬೇಕು. ಐವತ್ತು ದಾಟಿದ ಮೇಲೆ ಹೊಸದಾಗಿ ಬಂದದ್ದು, ಅದರಲ್ಲೂ ಅಗಿಯುವಾಗ ದವಡೆ ನೋಯುತ್ತಿದ್ದರೆ, ತಲೆ ಬಾಚಿದರೆ ಬುರುಡೆ ನೋಯುತ್ತಿದ್ದರೆ, ತಡಮಾಡಿದಲ್ಲಿ ಕಣ್ಣೇ ಹೋಗಬಹುದು.

ಕೊನೆಯದಾಗಿ ಹಾಳೆಯ ವಿಚಾರ. ಐದು ಅಂಕಣ ಸಾಕು: ತಾರೀಖು, ಹಿಡಿದ ಹೊತ್ತು ಬಿಟ್ಟ ಹೊತ್ತು, ಎಲ್ಲಿ ಹೇಗೆ ನೋವು, ಹಿಂದಿನ ದಿನದ ಊಟ ನಿದ್ದೆ, ತಿಂದ ಮಾತ್ರೆಯ ಹೆಸರು. "3ನೇ ತಾರೀಖು, ಬೆಳಿಗ್ಗೆ 11ರಿಂದ ರಾತ್ರಿ 8, ಎಡಗಡೆ ಬಡಿತ, ಎರಡು ವಾಂತಿ, ರಾತ್ರಿ ಪಾಳಿ, ತಿಂಡಿ ಇಲ್ಲ, ಮಾತ್ರೆ ಒಂದು" ಎಂದು ಬರೆದರೆ ವೈದ್ಯರಿಗೆ ಅರ್ಧ ಕೆಲಸ ಮುಗಿಯಿತು. ಎರಡು ತಿಂಗಳು ಬರೆದು ಒಯ್ಯಿರಿ. ತಮಿಳು ಬಾರದವರು ಇಷ್ಟನ್ನು ಕಲಿತಿರಿ: ತಲೆನೋವಿಗೆ ತಲೈವಲಿ, ಅರೆತಲೆನೋವಿಗೆ ಒತ್ತೈತ್ತಲೈವಲಿ, ವಾಂತಿಗೆ ವಾಂದಿ, ಜ್ವರಕ್ಕೆ ಕಾಯ್ಚಲ್, ಇದ್ದಕ್ಕಿದ್ದಂತೆ ಎನ್ನುವುದಕ್ಕೆ ತಿಡೀರ್. ಗೆರೆಹಾಕಿದ ಹಾಳೆಗಳು ವಾಚನಾಲಯದಲ್ಲಿ ದಿನಪತ್ರಿಕೆಗಳ ಮೇಜಿನ ಬಲಗಡೆಯ ಸೆಳೆಖಾನೆಯಲ್ಲಿವೆ. ಬೆಲೆಯಿಲ್ಲ, ಬೇಕಾದವರು ತೆಗೆದುಕೊಂಡು ಹೋಗಬಹುದು.